ಹೂ ಬಿಟ್ಟ ಟೊಮೆಟೊ ಗಿಡ ಹಳದಿ ಆಗ್ತಿದೆ, ಇನ್ನೇನು ಹಾಕಲಿ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ತಾರಸಿಯಲ್ಲಿ 12 ಇಂಚಿನ ಗ್ರೋ ಬ್ಯಾಗ್‌ಗಳಲ್ಲಿ ಅರ್ಕಾ ರಕ್ಷಕ್ ಟೊಮೆಟೊ ಹಾಕಿದ್ದೇನೆ. ಅರ್ಧ ಕೋಕೋಪೀಟ್, ಉಳಿದದ್ದು ಎರೆಗೊಬ್ಬರ ಮತ್ತು ಕೆಂಪು ಮಣ್ಣು. ಹೂ ಬಿಡುವ ತನಕ ಗಿಡಗಳು ಚೆನ್ನಾಗಿದ್ದವು. ಈಗ ಕೆಳಗಿನ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಕೆಲವು ಗಿಡಗಳಲ್ಲಿ ತುದಿಯ ಚಿಗುರೂ ಬಿಳಿಚಿಕೊಂಡಿದೆ. ಹೂ ಉದುರುತ್ತಿವೆ. ಮೊದಲ ಕಾಯಿಗಳ ತಳ ಕಪ್ಪಾಗಿದೆ. ಎಪ್ಸಮ್ ಸಾಲ್ಟ್, ಡಿಎಪಿ, ಮೂಳೆ ಗೊಬ್ಬರ, ಮೊಟ್ಟೆ ಚಿಪ್ಪಿನ ಪುಡಿ, ಬಾಳೆಹಣ್ಣಿನ ಸಿಪ್ಪೆ ನೀರು ಎಲ್ಲಾ ಕೊಟ್ಟಾಯಿತು. ನೀರು ಬೋರ್‌ವೆಲ್‌ನದು, ಸಾಫ್ಟನರ್ ಮೂಲಕ ಬರುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೂ ವೇಸ್ಟ್ ಮಾಡದೆ ಗಿಡಕ್ಕೇ ಹಾಕುತ್ತೇನೆ. ಇನ್ನೇನು ಹಾಕಲಿ?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ಉಡಾಫೆಗೆ ಹೇಳುತ್ತಿಲ್ಲ. ನೀವು ಕೊಟ್ಟ ಪಟ್ಟಿ ನೋಡಿದರೆ ಬ್ಯಾಗಿನೊಳಗೆ ಸಾರಜನಕ, ರಂಜಕ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲವೂ ಇವೆ. ಕೆಲವಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ಆದರೂ ಗಿಡ ಹಸಿದಿದೆ. ಕುಂಡದ ಗಿಡಗಳಲ್ಲಿ ಹೂ-ಕಾಯಿ ಸಮಯಕ್ಕೆ ಕಾಣುವ ಹಳದಿಯಲ್ಲಿ ಬಹುಪಾಲು ಇಂಥದ್ದೇ. ಊಟ ಎದುರಿಗಿದೆ, ಬೇರಿಗೆ ತಿನ್ನಲು ಆಗುತ್ತಿಲ್ಲ. ಯಾಕೆ ಆಗುತ್ತಿಲ್ಲ ಎಂಬ ಸುಳಿವು ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಸಾಫ್ಟನರ್ ನೀರು, ಆರ್‌ಒ ನೀರು. ಅಲ್ಲಿಗೆ ಹೋಗುವ ಮೊದಲು ಎಲೆ ಏನು ಹೇಳುತ್ತಿದೆ ನೋಡೋಣ.

ಹೂ ಬಿಡುವ ತನಕ ಚೆನ್ನಾಗಿದ್ದ ಗಿಡ ಆಮೇಲೆ ಯಾಕೆ ಕೆಡುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಸಣ್ಣ ಗಿಡಕ್ಕೆ ಬೇಕಾಗುವುದು ಕಡಿಮೆ. ಮಣ್ಣಲ್ಲಿ ತೊಂದರೆ ಇದ್ದರೂ ಹೇಗೋ ನಿಭಾಯಿಸುತ್ತದೆ. ಕಾಯಿ ಕಚ್ಚಿದ ಮೇಲೆ ಲೆಕ್ಕ ಬೇರೆ. ಪೊಟ್ಯಾಶ್ ಬೇಡಿಕೆ ಒಮ್ಮೆಲೇ ಏರುತ್ತದೆ. ಎಲೆ ತಯಾರಿಸಿದ ಸಕ್ಕರೆಯನ್ನು ಕಾಯಿಗಳು ಎಳೆದುಕೊಳ್ಳುತ್ತವೆ, ಬೇರಿಗೆ ಸಿಗುವ ಪಾಲು ಇಳಿಯುತ್ತದೆ. 12 ಇಂಚಿನ ಬ್ಯಾಗ್ ಅಂದರೆ ಹೆಚ್ಚೆಂದರೆ 20 ಲೀಟರ್ ಮಣ್ಣು. ಬೇರು ಅಷ್ಟನ್ನೂ ಆಗಲೇ ಸುತ್ತಿಕೊಂಡಿರುತ್ತದೆ. ಬಿಸಿಲಿನ ದಿನ ಒಂದೊಂದು ಗಿಡ 2 ಲೀಟರ್ ನೀರು ಕುಡಿಯುತ್ತದೆ. ಅಷ್ಟು ದಿನ ಮುಚ್ಚಿಕೊಂಡಿದ್ದ ತೊಂದರೆ ಈಗ ಹೊರಗೆ ಬರುತ್ತದೆ.

ಎಲೆ ನೋಡುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಹಳದಿ ಶುರುವಾದದ್ದು ಕೆಳಗಿನಿಂದಲೋ ಮೇಲಿನಿಂದಲೋ? ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ, ಕಾಯಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಒಂದು ಸಲ ಎಲೆಯಲ್ಲಿ ಕೂತರೆ ಏಳುವುದೇ ಇಲ್ಲ. ಇವು ಕಡಿಮೆಯಾದರೆ ಹಳೆ ಎಲೆ ಹಸಿರಾಗೇ ಇರುತ್ತದೆ, ಚಿಗುರು ಕೆಡುತ್ತದೆ.

ನಿಮ್ಮ ಕೆಳಗಿನ ಎಲೆ ಒಂದನ್ನು ಕಿತ್ತು ಬೆಳಗಿನ ಬಿಸಿಲಿಗೆ ಹಿಡಿಯಿರಿ. ನಡುವಿನ ದಪ್ಪ ನರ, ಅದರಿಂದ ಕವಲೊಡೆದ ನರಗಳು ಹಸಿರು. ಅವುಗಳ ನಡುವಿನ ಜಾಗ ಹಳದಿ. ಅಂಚು ಇನ್ನೂ ಒಣಗಿಲ್ಲ. ಇದು ಮೆಗ್ನೀಸಿಯಂ ಕೊರತೆ, ಅನುಮಾನ ಬೇಡ. ಆಮೇಲಾಮೇಲೆ ಹಳದಿ ಜಾಗದಲ್ಲಿ ಕಂದು ಚುಕ್ಕೆ ಮೂಡುತ್ತವೆ. ಈಗ ಬಿಳಿಚಿಕೊಂಡ ಚಿಗುರನ್ನು ನೋಡಿ. ಅಲ್ಲೂ ನರ ಹಸಿರು, ನಡುವೆ ಹಳದಿ. ಆದರೆ ನರಗಳು ಕೂದಲೆಳೆಯಷ್ಟು ಸಣ್ಣ, ಬಲೆ ಹರಡಿದಂತೆ ಕಾಣುತ್ತವೆ. ಜಾಸ್ತಿಯಾದರೆ ಇಡೀ ಚಿಗುರು ಕೆನೆ ಬಣ್ಣಕ್ಕೆ ತಿರುಗುತ್ತದೆ. ಇದು ಕಬ್ಬಿಣ. ಎರಡೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಅದಕ್ಕೇ ಕೈತೋಟದವರ ಗುಂಪಿಗೆ ಬರೀ ಎಲೆಯ ಫೋಟೋ ಹಾಕಿ ‘ಏನು ಕೊರತೆ?’ ಅಂತ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಎಲೆ ಗಿಡದ ಯಾವ ಭಾಗದ್ದು ಅಂತ ಗೊತ್ತಾಗದೆ ನಾನೂ ಹೇಳಲಾರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕೆಳಗಿನ ಎಲೆ ನರದ ಸಮೇತ ಒಂದೇ ಸಮ ತಿಳಿ ಹಳದಿಯಾದರೆ ಸಾರಜನಕ. ಅಂಚು ಸುಟ್ಟಂತೆ ಕಂದಾಗಿ ಒಳಗೆ ಸರಿಯುತ್ತಾ ಬಂದರೆ ಪೊಟ್ಯಾಶ್. ಹಣ್ಣು ಅಲ್ಲಲ್ಲಿ ಹಳದಿ-ಹಸಿರು ತೇಪೆಯಾಗಿ ಮಾಗುವುದಕ್ಕೂ ಇದೇ ಕಾರಣ ಇರಬಹುದು. ಎಲೆಯ ಅಡಿ ನೇರಳೆಯಾದರೆ ರಂಜಕ ಅನ್ನುತ್ತಾರೆ. ಆದರೆ ಬೆಂಗಳೂರಿನ ಡಿಸೆಂಬರ್ ರಾತ್ರಿಗಳ ಚಳಿಗೂ ಎಲೆ ನೇರಳೆಯಾಗುತ್ತದೆ. ಎರೆಗೊಬ್ಬರ ಹಾಕಿದ ಕುಂಡದಲ್ಲಿ ರಂಜಕ ಕಡಿಮೆಯಾಗುವುದು ಅಪರೂಪ. ಇನ್ನು, ಮೊದಲ ಕಾಯಿಗೊಂಚಲಿನ ಕೆಳಗಿರುವ ಒಂದೆರಡು ಎಲೆ ವಯಸ್ಸಾಗಿ ಹಳದಿಯಾದರೆ ಅದು ಕಾಯಿಲೆಯೇ ಅಲ್ಲ. ಕಿತ್ತು ಹಾಕಿ, ಗಾಳಿಯಾಡಲಿ.

ಕೊರತೆ ಅಂದುಕೊಂಡದ್ದು ಹುಳವೂ ಇರಬಹುದು. ಎಲೆ ತಿರುಗಿಸಿ ನೋಡಿ. ಸಣ್ಣ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಅದು ಮೈಟ್ ನುಸಿ. ಬಿಳಿ ಕಾಗದದ ಮೇಲೆ ಎಲೆ ತಟ್ಟಿದರೆ ಉದುರಿದ ಚುಕ್ಕಿಗಳು ನಡೆಯುತ್ತವೆ. ಕಂದು ಕಲೆಯೊಳಗೆ ಒಂದರೊಳಗೊಂದು ಉಂಗುರ ಇದ್ದರೆ ಅದು ಎಲೆಚುಕ್ಕೆ ಅಂಗಮಾರಿ. ಚಿಗುರು ಮುದುಡಿ, ಎಲೆ ಸಣ್ಣದಾಗಿ, ಅಂಚು ಹಳದಿಯಾಗಿ ಮೇಲಕ್ಕೆ ಮಡಚಿಕೊಂಡರೆ ಬಿಳಿನೊಣ ತಂದ ಎಲೆಸುರುಳಿ ವೈರಸ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ಈ ವೈರಸ್, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ. ಅದಕ್ಕೇ ನಿಮ್ಮ ವಿಷಯದಲ್ಲಿ ನಾನು ವೈರಸ್ ಕಡೆ ಹೋಗುತ್ತಿಲ್ಲ. ಗೊಬ್ಬರದ ಮೂಟೆ ಬಿಚ್ಚುವ ಮೊದಲು ಈ ಐದು ನಿಮಿಷದ ಕೆಲಸ ಮಾಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಈಗ ಕಪ್ಪು ತಳದ ಕಾಯಿ. ಇದರ ಬಗ್ಗೆ ಇರುವಷ್ಟು ತಪ್ಪು ಸಲಹೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕಾಯಿಯ ತಳಕ್ಕೆ ಕ್ಯಾಲ್ಸಿಯಂ ತಲುಪಿಲ್ಲ, ಅಷ್ಟು ಸರಿ. ಹಾಗಂತ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅಂತ ಅರ್ಥ ಅಲ್ಲ. ಕ್ಯಾಲ್ಸಿಯಂ ಬೇರಿನಿಂದ ಮೇಲೆ ಹೋಗುವುದು ನೀರಿನ ಜೊತೆಗೆ ಮಾತ್ರ. ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಅದಕ್ಕೇ ಎಲೆಗೆ ಬೇಕಾದಷ್ಟು ಸಿಗುತ್ತದೆ. ಕಾಯಿಯ ಸಿಪ್ಪೆ ನುಣುಪು, ಅದರಿಂದ ಆವಿ ಹೋಗುವುದೇ ಕಡಿಮೆ. ಒಂದು ಮಧ್ಯಾಹ್ನ ಬ್ಯಾಗ್ ಪೂರ್ತಿ ಒಣಗಿತು ಅಂದುಕೊಳ್ಳಿ. ಇರುವ ನೀರನ್ನೆಲ್ಲ ಎಲೆಗಳೇ ಎಳೆದುಕೊಳ್ಳುತ್ತವೆ, ಕಾಯಿಯ ತುದಿ ಬರಿಗೈ. ಕಾಯಿ ಇನ್ನೂ ಗೋಲಿ ಗಾತ್ರದಲ್ಲಿರುವಾಗಲೇ ಈ ಹಾನಿ ಆಗಿರುತ್ತದೆ. ನಿಮಗೆ ಕಪ್ಪು ಕಾಣಿಸುವುದು ಆಮೇಲೆ. ಹಾಗಾಗಿ ಇವತ್ತು ಕಪ್ಪಾದ ಕಾಯಿಗೆ ಇವತ್ತಿನ ಔಷಧ ಇಲ್ಲ. ಕಿತ್ತು ಹಾಕಿ, ಗಿಡಕ್ಕೆ ಭಾರ ಕಡಿಮೆಯಾಗುತ್ತದೆ. ಎಲೆಗೆ ಕ್ಯಾಲ್ಸಿಯಂ ಸ್ಪ್ರೇ ಮಾಡುವುದೂ ಹೆಚ್ಚು ಕಡಿಮೆ ದಂಡ. ಎಲೆಗೆ ಬಿದ್ದದ್ದು ಕಾಯಿಗೆ ಇಳಿಯುವುದಿಲ್ಲ.

ಮೊಟ್ಟೆ ಚಿಪ್ಪು? ಅದು ಸುಣ್ಣದ ಕಲ್ಲಿನ ಜಾತಿ. ಕರಗಲು ಹುಳಿ ಮಣ್ಣು ಬೇಕು. ಬೋರ್‌ವೆಲ್ ನೀರು ಕುಡಿದು ಕ್ಷಾರವಾದ ಮಣ್ಣಿನಲ್ಲಿ ಚಿಪ್ಪು ಚಿಪ್ಪಾಗಿಯೇ ಉಳಿಯುತ್ತದೆ. ಮುಂದಿನ ವರ್ಷ ಮಣ್ಣು ಸುರಿದಾಗ ನೀವೇ ನೋಡುತ್ತೀರಿ. ಮೂಳೆ ಗೊಬ್ಬರದ್ದೂ ಇದೇ ಕಥೆ, ಪಿಎಚ್ (ಹುಳಿ-ಕ್ಷಾರದ ಅಳತೆ) 7 ದಾಟಿದರೆ ಅದು ಕರಗುವುದು ತೀರಾ ನಿಧಾನ. ಬಾಳೆ ಸಿಪ್ಪೆ ನೀರಿನಲ್ಲಿ ಪೊಟ್ಯಾಶ್ ಇರುವುದು ನಿಜ, ಸ್ವಲ್ಪ. ಅದರಿಂದ ಗ್ಯಾರಂಟಿಯಾಗಿ ಬರುವುದು ನೊಣ. ಡಿಎಪಿ ಮಾತ್ರ ಈ ಸಮಯಕ್ಕೆ ಕೊಡಲೇಬಾರದಿತ್ತು. ಅದರಲ್ಲಿರುವ ನೂರಕ್ಕೆ 18 ಪಾಲು ಸಾರಜನಕ ಅಮೋನಿಯಂ ರೂಪದ್ದು. ಬೇರಿನ ಬಾಗಿಲಲ್ಲಿ ಅದು ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಬೀಳುತ್ತದೆ. 46 ಪಾಲು ರಂಜಕ ಜಾಸ್ತಿಯಾಗಿ ಕಬ್ಬಿಣ, ಸತುವನ್ನು ಕಟ್ಟಿಹಾಕುತ್ತದೆ. ಇನ್ನು ಕಾಯಿಯ ತಳ ಕಪ್ಪಾಯಿತು ಅಂತ ಎಪ್ಸಮ್ ಸಾಲ್ಟ್ ಸುರಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದು ಮೆಗ್ನೀಸಿಯಂ ಉಪ್ಪು. ಅತಿಯಾದರೆ ಕ್ಯಾಲ್ಸಿಯಂ ಇನ್ನೂ ಕಡಿಮೆ ಒಳಗೆ ಹೋಗುತ್ತದೆ.

ಹಾಗಾದರೆ ಮೆಗ್ನೀಸಿಯಂ ಕೊಟ್ಟ ಮೇಲೂ ಕೆಳಗಿನ ಎಲೆಯಲ್ಲಿ ಅದರದೇ ಕೊರತೆ ಯಾಕೆ? ಇಲ್ಲಿ ನೀರಿನ ವಿಷಯ ಬರುತ್ತದೆ.

ಬೋರ್‌ವೆಲ್ ನೀರಿನ ಗಡಸುತನ ಅಂದರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನಲ್ಲಿಯಲ್ಲಿ, ಬಕೆಟ್ಟಿನಲ್ಲಿ ಬಿಳಿ ಪೊರೆ ಕಟ್ಟುವುದು ಇದರಿಂದಲೇ. ಅಪಾರ್ಟ್‌ಮೆಂಟಿನ ಸಾಫ್ಟನರ್ ಮಾಡುವ ಕೆಲಸ ಇಷ್ಟೇ, ಈ ಎರಡನ್ನೂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಆಗಾಗ ಅದಕ್ಕೆ ಮೂಟೆಗಟ್ಟಲೆ ಉಪ್ಪು ಹಾಕುವುದನ್ನು ನೀವು ನೋಡಿರಬಹುದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರ್ ಬಾಳಿಕೆ ಬರುತ್ತದೆ. ಗಿಡದ ಪಾಲಿಗೆ ಮಾತ್ರ ಉಲ್ಟಾ. ಬೇಕಾದ ಎರಡು ಹೋದವು, ಬೇಡದ ಒಂದು ಬಂತು. ನೀರನ್ನು ಕ್ಷಾರ ಮಾಡುವ ಬೈಕಾರ್ಬನೇಟ್ ಅಲ್ಲೇ ಉಳಿಯಿತು. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಸಾಫ್ಟನರ್‌ಗೆ ಮೊದಲೂ ಆಮೇಲೂ ಅಂಕಿ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಹಾಗಾಗಿ ಮೀಟರ್ ನಂಬಿದವರಿಗೂ ಇದು ಗೊತ್ತಾಗುವುದಿಲ್ಲ. ಗಡಸು ನೀರು ಗಿಡಕ್ಕೆ ಕೆಟ್ಟದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ ಅಲ್ವಾ? ಸಾಫ್ಟನರ್ ನೀರು, ಸೀದಾ ಬೋರ್‌ವೆಲ್ ನೀರು ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕಣ್ಣು ಮುಚ್ಚಿ ಬೋರ್‌ವೆಲ್ ನೀರು ಹಿಡಿಯುತ್ತೇನೆ.

ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ. ಯಂತ್ರದೊಳಗೆ ಹೋದ ಉಪ್ಪಿನಲ್ಲಿ ಹೆಚ್ಚೂಕಡಿಮೆ ಎಲ್ಲಾ ಆ ಕೊಳವೆಯಲ್ಲೇ ಹೊರಬರಬೇಕು. 1 ಲೀಟರ್ ಕುಡಿಯುವ ನೀರಿಗೆ 3 ಲೀಟರ್ ಹೊರಹೋಗುವ ಯಂತ್ರವಾದರೆ ಉಪ್ಪು ಮೂರನೇ ಒಂದು ಪಾಲು ಏರುತ್ತದೆ. 1ಕ್ಕೆ 1 ಆದರೆ ಎರಡರಷ್ಟು. ನಿಮ್ಮಲ್ಲಿ ಒಳಗೆ ಹೋಗುವುದೇ ಸಾಫ್ಟನರ್ ನೀರು. ಅಂದರೆ ನೀವು ಉಳಿತಾಯ ಅಂತ ಗಿಡಕ್ಕೆ ಹಾಕುತ್ತಿರುವುದು ಸೋಡಿಯಂ ದ್ರಾವಣ. ಆ ನೀರನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಕುಂಡಕ್ಕೆ ಬೇಡ.

ಇದರ ಮೇಲೆ ಕೋಕೋಪೀಟ್. ತೆಂಗಿನ ನಾರಿನ ಪುಡಿಯಲ್ಲಿ ಹುಟ್ಟಿನಿಂದಲೇ ಪೊಟ್ಯಾಶ್, ಸೋಡಿಯಂ ಇರುತ್ತವೆ. ತೊಳೆಯದ ಇಟ್ಟಿಗೆಯಾದರೆ ಇನ್ನೂ ಜಾಸ್ತಿ. ನಾರು ತನ್ನ ಮೈಗೆ ಇವನ್ನು ಅಂಟಿಸಿಕೊಂಡಿರುತ್ತದೆ. ನೀವು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಟ್ಟಾಗ ಇವನ್ನು ಬಿಟ್ಟು ಅವನ್ನು ಹಿಡಿದುಕೊಳ್ಳುತ್ತದೆ. ಗಿಡಕ್ಕೆ ಹೋಗಬೇಕಾದ್ದು ನಾರಿಗೆ ಹೋಯಿತು. ಬೇರಿನ ಸುತ್ತ ಸೋಡಿಯಂ, ಪೊಟ್ಯಾಶ್ ಗುಂಪುಗಟ್ಟಿದರೆ ಮೆಗ್ನೀಸಿಯಂಗೆ ಒಳಗೆ ನುಗ್ಗಲು ಜಾಗವೇ ಇಲ್ಲ. ಕೆಳಗಿನ ಎಲೆಯ ಹಳದಿಗೂ ಕಾಯಿಯ ಕಪ್ಪಿಗೂ ಮೂಲ ಇಲ್ಲೇ ಇದೆ. ಚಿಗುರಿನ ಕಬ್ಬಿಣದ ಕೊರತೆ ಬೈಕಾರ್ಬನೇಟ್‌ನ ಕೊಡುಗೆ. ಪಿಎಚ್ 7.5 ಮುಟ್ಟಿದರೆ ಕೆಂಪು ಮಣ್ಣಿನಲ್ಲಿ ಎಷ್ಟೇ ಕಬ್ಬಿಣ ಇರಲಿ, ಬೇರಿಗೆ ಸಿಗುವುದು ಅತ್ಯಲ್ಪ. ಟೊಮೆಟೊಗೆ 6ರಿಂದ 6.8 ಹಿತ.

ಇದು ನನ್ನ ಅಂದಾಜು. ನಂಬುವ ಮೊದಲು ಪರೀಕ್ಷೆ ಮಾಡಿ. ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಪೆನ್ ಮತ್ತು ಪಿಎಚ್ ಕಾಗದ ಸಾಕು. ಬೆಳಗ್ಗೆ ಬ್ಯಾಗಿಗೆ ಎಂದಿನಂತೆ ನೀರು ಹಾಕಿ. ಒಂದು ಗಂಟೆ ಬಿಟ್ಟು ಕೆಳಗೆ ತಟ್ಟೆಯಿಟ್ಟು ಮೇಲಿನಿಂದ ಇನ್ನೊಂದು ದೊಡ್ಡ ಲೋಟ ನೀರು ನಿಧಾನವಾಗಿ ಸುರಿಯಿರಿ. ತಟ್ಟೆಗೆ ಇಳಿದದ್ದು ಬೇರಿನ ಸುತ್ತ ಇದ್ದ ನೀರು. ಮೀಟರ್ ಅದರಲ್ಲಿ ಅದ್ದಿ. 1000ದಿಂದ 1700 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಉಪ್ಪು) ತನಕ ಕಾಯಿ ಬಿಟ್ಟ ಟೊಮೆಟೊ ತಡೆದುಕೊಳ್ಳುತ್ತದೆ. 2000 ದಾಟಿದರೆ ಉಪ್ಪು ಕೂತಿದೆ ಅಂತಲೇ ಲೆಕ್ಕ. ಆಗ ಏನು ಗೊಬ್ಬರ ಹಾಕಿದರೂ ಉಪ್ಪಿನ ಮೇಲೆ ಉಪ್ಪು. ತಟ್ಟೆಯ ನೀರಿಗೆ ಪಿಎಚ್ ಕಾಗದವನ್ನೂ ಅದ್ದಿ ಬರೆದಿಟ್ಟುಕೊಳ್ಳಿ.

ಕಬ್ಬಿಣದ್ದು ಬೇರೆ ಪರೀಕ್ಷೆ, ನನಗೆ ಇಷ್ಟವಾದದ್ದು. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಚಿಟಿಕೆ ಸಿಟ್ರಿಕ್ ಆಸಿಡ್ ಅಥವಾ ಅರ್ಧ ಹೋಳು ನಿಂಬೆರಸ ಬೆರೆಸಿ. ಬಿಳಿಚಿದ ಒಂದೇ ಒಂದು ಕವಲಿಗೆ ದಾರ ಕಟ್ಟಿ. ಸಂಜೆ ಹೊತ್ತು ಆ ಕವಲಿನ ಎಲೆಗಳಿಗೆ ಮಾತ್ರ ಹಚ್ಚಿ. ಒಂದು ವಾರದೊಳಗೆ ಹಚ್ಚಿದ ಕಡೆ ಹಸಿರು ಮರಳಿ ಪಕ್ಕದ ಕವಲು ಹಾಗೇ ಉಳಿದರೆ ಕಬ್ಬಿಣವೇ. ಏನೂ ಬದಲಾಗದಿದ್ದರೆ ಸುಮ್ನೆ ಕಬ್ಬಿಣ ಕೊಡುವುದು ಬೇಡ.

ತಟ್ಟೆಯ ನೀರು ಉಪ್ಪು ತೋರಿಸಿದರೆ ಹೀಗೆ ಮಾಡಿ. ಮೊದಲು ಬೇರೆ ನೀರು ಹುಡುಕಿ. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಫ್ಟನರ್‌ಗೆ ಮೊದಲೇ ಒಂದು ನಲ್ಲಿ ಇರುತ್ತದೆ, ಪ್ಲಂಬರ್‌ಗೆ ಗೊತ್ತಿರುತ್ತದೆ. ಕಾವೇರಿ ನೀರು ಸಿಕ್ಕರೆ ಒಳ್ಳೆಯದು, ಮಳೆ ನೀರು ಸಿಕ್ಕರೆ ಇನ್ನೂ ಒಳ್ಳೆಯದು. ಬ್ಯಾಗಿಗೆ ಎರಡು ಟೇಬಲ್ ಚಮಚ ಜಿಪ್ಸಂ ಹರಡಿ, ಮೇಲಿನ ಮಣ್ಣಿಗೆ ಬೆರೆಸಿ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ನಾರಿಗೆ ಅಂಟಿದ ಸೋಡಿಯಂ ಬಿಡಿಸುತ್ತದೆ, ಪಿಎಚ್ ಏರಿಸುವುದಿಲ್ಲ. ಒಂದು ದಿನ ಬಿಟ್ಟು ಮೇಲಿನಿಂದ ನೀರು ಸುರಿದು ಬ್ಯಾಗಿನ ಉಪ್ಪು ತೊಳೆಯಿರಿ. ಪುಸ್ತಕದ ಲೆಕ್ಕದಲ್ಲಿ ಬ್ಯಾಗಿನ ಗಾತ್ರದ ಎರಡು ಪಟ್ಟು, ಅಂದರೆ 40 ಲೀಟರ್ ನೀರು ಹೋಗಬೇಕು. ಬೇಸಿಗೆಯ ಬೆಂಗಳೂರಲ್ಲಿ ಒಂದೊಂದು ಟೊಮೆಟೊ ಗಿಡಕ್ಕೆ 40 ಲೀಟರ್ ಅಂದರೆ ಮನೆಯವರು ನನ್ನನ್ನು ಬೈಯುತ್ತಾರೆ. 20 ಲೀಟರನ್ನು ನಾಲ್ಕು ಭಾಗ ಮಾಡಿ, ನಡುನಡುವೆ ಹದಿನೈದು ನಿಮಿಷ ಬಿಟ್ಟು ನಿಧಾನಕ್ಕೆ ಹಾಕಿದರೂ ಸಾಕಷ್ಟು ಉಪ್ಪು ಇಳಿಯುತ್ತದೆ. ತೀರಾ ಕೆಟ್ಟಿರುವ ಎರಡು ಬ್ಯಾಗಿಗೆ ಮಾತ್ರ ಮೊದಲು ಮಾಡಿ. ಉಳಿದವು ಹಾಗೇ ಇರಲಿ, ಹೋಲಿಸಿ ನೋಡಲು ಬೇಕು. ನೀರು ಕೆಳಗೆ ಸರಾಗವಾಗಿ ಇಳಿಯದಿದ್ದರೆ ತೊಳೆಯುವುದನ್ನು ನಿಲ್ಲಿಸಿ, ಬ್ಯಾಗಿನ ತೂತು ಕಟ್ಟಿದೆಯಾ ನೋಡಿ.

ತೊಳೆದಾಗ ಒಳ್ಳೆಯದೂ ಹೋಗಿರುತ್ತದೆ. ಎರಡು ದಿನ ಬಿಟ್ಟು ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಗಿಡಕ್ಕೆ 1 ಲೀಟರ್ ಕೊಡಿ. ನಾಲ್ಕು ದಿನ ಆದ ಮೇಲೆ 13-0-45 (ಪೊಟ್ಯಾಸಿಯಂ ನೈಟ್ರೇಟ್) ಅದೇ ಅಳತೆಯಲ್ಲಿ. ಹೀಗೆ ಒಂದಾದ ಮೇಲೊಂದು, ವಾರಕ್ಕೆ ಒಂದೊಂದು ಸಲ. ಮೆಗ್ನೀಸಿಯಂ ಬುಡಕ್ಕೆ ಬೇಡ, ಎಲೆಗೆ ಕೊಡಿ. ಲೀಟರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್, ಸಂಜೆ ಸ್ಪ್ರೇ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕ್ಯಾಲ್ಸಿಯಂ ನೈಟ್ರೇಟನ್ನೂ ಎಪ್ಸಮ್ ಸಾಲ್ಟನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಡಬೇಡಿ, ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಜಿಪ್ಸಂ, ಎರಡೂ ದಂಡ. ದಾರ ಕಟ್ಟಿದ ಕವಲು ಹಸಿರಾಯಿತು ಅಂದರೆ ಬುಡಕ್ಕೆ ಕಬ್ಬಿಣದ ಚೀಲೇಟ್ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಪುಡಿ) ಕೊಡಬಹುದು. ಪ್ಯಾಕೆಟ್ಟಿನ ಮೇಲೆ ಇಡಿಡಿಎಚ್‌ಎ ಅಂತ ಇರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಇಡಿಟಿಎ ಚೀಲೇಟ್ ಪಿಎಚ್ 6.5 ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ, ನಿಮ್ಮ ಮಣ್ಣಿಗೆ ಅದು ನಡೆಯುವುದಿಲ್ಲ. ಬೋರ್‌ವೆಲ್ ನೀರೇ ಗತಿಯಾದರೆ 10 ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ ಸಿಟ್ರಿಕ್ ಆಸಿಡ್ ಬೆರೆಸುತ್ತಾ ಪಿಎಚ್ 6.5ರ ಹತ್ತಿರ ತನ್ನಿ. ಒಮ್ಮೆ ಅಳತೆ ಗೊತ್ತಾದರೆ ದಿನಾ ಕಾಗದ ಅದ್ದಬೇಕಿಲ್ಲ. ಒಲೆ ಬೂದಿ ಮಾತ್ರ ಹತ್ತಿರ ತರಬೇಡಿ, ಅದೂ ಕ್ಷಾರವೇ.

ನೀರು ಹಾಕುವ ಹೊತ್ತು ಬದಲಾಯಿಸಬೇಡಿ. ಬೆಳಗ್ಗೆ ಒಂದು ಸಲ, ಬಿಸಿಲು ಜೋರಿದ್ದರೆ ಸಂಜೆ ಇನ್ನೊಂದು ಸಲ. ಎರಡು ಇಂಚು ಒಣ ಎಲೆ ಅಥವಾ ತೆಂಗಿನ ನಾರು ಮೇಲೆ ಹೊದಿಸಿ. ಕಪ್ಪು ತಳದ ಕಾಯಿಗೆ ಇದಕ್ಕಿಂತ ದೊಡ್ಡ ಔಷಧ ಇಲ್ಲ.

ಹೂ ಉದುರುವುದನ್ನು ಪೂರ್ತಿ ಪೋಷಕಾಂಶದ ಲೆಕ್ಕಕ್ಕೆ ಬರೆಯಬೇಡಿ. ಹೂವಿನ ತೊಟ್ಟಿನ ನಡುವೆ ಗಂಟಿನಂಥ ಒಂದು ಕೀಲು ಇದೆ, ನೋಡಿ. ಉದುರುವ ಹೂವಿನ ತೊಟ್ಟು ಮೊದಲು ಅಲ್ಲಿ ಹಳದಿಯಾಗುತ್ತದೆ. ಹಗಲು 35 ಡಿಗ್ರಿ ಹತ್ತಿರ ಹೋಗಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಟ್ಟು ಹೂ ಬೀಳುತ್ತದೆ. ತಾರಸಿಯ ಕಾಂಕ್ರೀಟ್ ರಾತ್ರಿಯೂ ಬಿಸಿ ಉಗುಳುತ್ತಿರುತ್ತದೆ. ಬ್ಯಾಗುಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ, ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ. ಗಾಳಿಯಾಡದ ಮೂಲೆಯಾದರೆ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಹೂಗೊಂಚಲನ್ನು ಬೆರಳಿಂದ ಮೆಲ್ಲಗೆ ತಟ್ಟಿ.

ಹಳದಿಯಾದ ಹಳೆ ಎಲೆಗಳು ಮತ್ತೆ ಪೂರ್ತಿ ಹಸಿರಾಗುವುದಿಲ್ಲ. ಅವನ್ನೇ ನೋಡುತ್ತಾ ಇನ್ನೊಂದು ಗೊಬ್ಬರ ಹಾಕಬೇಡಿ. ಎರಡು ವಾರ ಬಿಟ್ಟು ಹೊಸ ಚಿಗುರು ನೋಡಿ, ಆಗ ಕಚ್ಚಿದ ಗೋಲಿ ಗಾತ್ರದ ಕಾಯಿಗಳ ತಳ ನೋಡಿ. ತೊಳೆದ ಎರಡು ಬ್ಯಾಗುಗಳಲ್ಲಿ ಅವು ಚೊಕ್ಕವಾಗಿದ್ದರೆ ಉಳಿದವಕ್ಕೂ ಇದೇ ಮಾಡಿ. ಏನೂ ಸುಧಾರಿಸದಿದ್ದರೆ ತೀರಾ ಸೊರಗಿದ ಒಂದು ಗಿಡ ಬಲಿ ಕೊಟ್ಟು ಬ್ಯಾಗ್ ಸೀಳಿ ಬೇರು ನೋಡಿ. ಬೇರು ಕಂದಾಗಿ, ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕೊಳೆ ರೋಗ. ಗಂಟು ಗಂಟಾಗಿದ್ದರೆ ಬೇರಿನೊಳಗೆ ಸೇರುವ ಜಂತುಹುಳ (ನೆಮಟೋಡ್). ಎರಡಕ್ಕೂ ಗೊಬ್ಬರದಲ್ಲಿ ಉತ್ತರ ಇಲ್ಲ. ಹಾಗೇನಾದರೂ ಕಂಡರೆ ಬೇರಿನ ಫೋಟೋ, ತಟ್ಟೆ ನೀರಿನ ಎರಡು ಅಂಕಿ ಜೊತೆಗೆ ಮತ್ತೆ ಬರೆಯಿರಿ.